ಮುಂಬಯಿಯ ಲೋಕಲ್ ರೈಲು: ಪ್ರಯಾಣದ ಖರ್ಚನ್ನು ಅಂದಾಜು ಮಾಡುವ ಬಗೆ

2025ರ ಮೇ ತಿಂಗಳಲ್ಲಿ ನಮ್ಮ ದಿವಂಗತ ಹಿರಿಯಣ್ಣನವರ ಮಗಳು ಕಲ್ಯಾಣದಿಂದ ದೂರವಾಣಿ ಮಾಡಿ ಒಂದು ಸಲಹೆ ಕೇಳಿದಳು. ಕಲ್ಯಾಣವೆಂದೊಡನೆ ನಮ್ಮ ವಾಚಕರ ಮನಸ್ಸು ಬೀದರ ಜಿಲ್ಲೆಯ ಕಡೆಗೆ ಹೊರಳುವುದು ಸಹಜ. ಇದು ಆ ಕಲ್ಯಾಣವಲ್ಲ. ಠಾಣೆ ಜಿಲ್ಲೆಯಲ್ಲಿ, ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಸುಮಾರು 53 ಕಿಲೋಮೀಟರ್ ದೂರದಲ್ಲಿರುವ ರೈಲ್ವೆ ಜಂಕ್ಷನ್ನು. ಕಲಬುರಗಿ, ಸೊಲ್ಲಾಪುರಗಳ ಕಡೆಯಿಂದ ಹೋದ ಎಷ್ಟೋ ಕುಟುಂಬಗಳು ಅಲ್ಲಿಯೂ ನೆರೆಯ ಡೊಂಬಿವಲಿಯಲ್ಲಿಯೂ ನೆಲೆಸಿವೆ. ಮುಂಬಯಿಯ ಒಳಗೆ ಮನೆ ಮಾಡುವ ಶಕ್ತಿಯಿಲ್ಲದವರಿಗೆ ರೈಲುಹಳಿಯೇ ಆಸರೆಯಾಗಿ, ಅದರ ಗುಂಟ ಅವರ ಸಂಸಾರಗಳು ಹಬ್ಬಿಕೊಂಡಿವೆ.

ಅಣ್ಣನ ಮಗಳ ಪ್ರಶ್ನೆ ಇಷ್ಟೇ. ಅವಳ ಹಿರಿಯ ಮಗಳಿಗೆ ಅಂಧೇರಿಯ ಪೂರ್ವಭಾಗದ ಒಂದು ಕಚೇರಿಯಲ್ಲಿ ಕೆಲಸ ದೊರೆತಿತ್ತು. ಆರಂಭದ ಸಂಬಳ ಇಪ್ಪತ್ತು ಸಾವಿರ. ಕಲ್ಯಾಣದಿಂದ ಅಂಧೇರಿಗೆ ನಿತ್ಯ ಹೋಗಿ ಬರುವುದರಲ್ಲಿ ಸಂಬಳದ ಎಷ್ಟು ಪಾಲು ಕರಗುತ್ತದೆ, ಕೆಲಸ ಒಪ್ಪಿಕೊಳ್ಳುವುದು ಲೇಸೋ ಬಿಡುವುದು ಲೇಸೋ ಎಂಬುದನ್ನು ಹಿರಿಯರಾದ ನಾವು ಹೇಳಬೇಕೆಂದು ಅವಳ ಅಪೇಕ್ಷೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳೊಡನೆ ಒಂದಿಷ್ಟು ಗಣಿತವನ್ನೂ ಕಲಿತವರು ನಾವು. ಈ ಲೆಕ್ಕ ಏನು ಮಹಾ ಎಂದು ಕಾಗದ ತೆಗೆದುಕೊಂಡು ಕುಳಿತೆವು.

ಎರಡು ವರ್ಷದ ಹಿಂದೆ ಆ ಊರಿಗೆ ಹೋಗಿದ್ದಾಗ ನಮ್ಮ ವಯಸ್ಸನ್ನು ನೋಡಿ ಅವರು ನಮ್ಮನ್ನು ಹವಾನಿಯಂತ್ರಿತ ಲೋಕಲ್ ಬಂಡಿಯಲ್ಲಿ ಕರೆದೊಯ್ದಿದ್ದರು. ಐವತ್ತು ಕಿಲೋಮೀಟರಿಗೆ 100 ರೂಪಾಯಿ ಎಂಬುದು ನಮ್ಮ ನೆನಪಿನಲ್ಲಿತ್ತು. ಹೋಗಿ ಬರಲು 200, ತಿಂಗಳಿಗೆ ಇಪ್ಪತ್ತೈದು ದಿನ ಕೆಲಸವೆಂದರೆ 5,000. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕಚೇರಿಗೆ ಆಟೊ ಎಂದು 1,500 ಸೇರಿಸಿದೆವು. ಒಟ್ಟು 6,500. ಸಂಬಳದ ಮೂರರಲ್ಲೊಂದು ಪಾಲು ದಾರಿಯ ಪಾಲಾಗುವುದಾದರೆ ಹುಡುಗಿಗೆ ಉಳಿಯುವುದೇನು? ಊರ ಹತ್ತಿರ ಬೇರೆ ಕೆಲಸ ನೋಡುವುದು ಮೇಲೆಂದು ಸವಿಸ್ತಾರವಾಗಿ ಪತ್ರ ಬರೆದು ಹಾಕಿದೆವು. ನಮ್ಮ ಮಾತನ್ನು ಆ ಮನೆಯಲ್ಲಿ ಮೀರುವವರಿಲ್ಲವೆಂಬ ಹೆಮ್ಮೆಯೂ ಒಳಗೊಳಗೆ ಇತ್ತೆಂಬುದನ್ನು ಮುಚ್ಚಿಡಲಾರೆವು.

ಪತ್ರ ತಲುಪಿದ ದಿನವೇ ಮೊಮ್ಮಗಳು ದೂರವಾಣಿಗೆ ಬಂದಳು.

“ಮುತ್ಯಾ, ನೀವು ಎಸಿ ಗಾಡಿ ಲೆಕ್ಕ ಹಾಕೀರಿ. ನಾ ಹೋಗೋದು ಲೇಡೀಸ್ ಡಬ್ಬಿಗೆ. ತಿಂಗಳ ಪಾಸಿಗೆ ಮುನ್ನೂರಾ ಹದಿನೈದು ರೂಪಾಯಿ ಅದ, ಅಷ್ಟ.”

ಐದು ಸಾವಿರವೆಂದು ನಾವು ಬರೆದ ಜಾಗದಲ್ಲಿ ಮುನ್ನೂರ ಹದಿನೈದು! ಒಂದು ವೇಳೆ ಆ ಮಗು ನಮ್ಮ ಪತ್ರವನ್ನು ಆಜ್ಞೆಯೆಂದು ತಿಳಿದು ಕೆಲಸ ಬಿಟ್ಟಿದ್ದರೆ ಆ ತಪ್ಪಿಗೆ ಪ್ರಾಯಶ್ಚಿತ್ತ ಎಲ್ಲಿತ್ತು? ಆ ಚಿಂತೆಯಿಂದಲೇ ಆಗಸ್ಟ್ ತಿಂಗಳಲ್ಲಿ ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಕಲ್ಯಾಣದಲ್ಲಿ ಇಳಿದೆವು. ಮೂರು ವಾರ ಇದ್ದು, ಬಂಡಿಗಳಲ್ಲಿ ಓಡಾಡಿ, ಬಲ್ಲವರನ್ನು ಕೇಳಿ ಈ ಲೆಕ್ಕದ ಒಳಗುಟ್ಟನ್ನು ತಿಳಿದುಕೊಂಡೆವು. ಮುಂಬಯಿಯಲ್ಲಿ ಮಕ್ಕಳಿರುವ, ಅಥವಾ ಔಷಧೋಪಚಾರಕ್ಕೆಂದು ಅಲ್ಲಿಗೆ ಹೋಗಬೇಕಾದ ಮನೆಗಳಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ.

ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ 34 ಕಿಲೋಮೀಟರ್ ಓಡಿದ್ದು ಶಾಲೆಯ ಮಕ್ಕಳಿಗೂ ಗೊತ್ತು. ಮರುವರ್ಷವೇ ಹಳಿ ಕಲ್ಯಾಣವನ್ನು ಮುಟ್ಟಿತು. ವಿದ್ಯುತ್ ಬಂಡಿ 1925ರ ಫೆಬ್ರವರಿ 3ರಂದು ಕುರ್ಲಾದವರೆಗೆ ಬಂದಿತು. ಈಗ ಪಶ್ಚಿಮ ರೈಲ್ವೆಯ ಬಂಡಿಗಳು ಚರ್ಚ್‌ಗೇಟಿನಿಂದ ವಿರಾರ್ ದಾಟಿ ಡಹಾಣು ರೋಡಿನವರೆಗೂ, ಮಧ್ಯ ರೈಲ್ವೆಯವು ಕಲ್ಯಾಣದಲ್ಲಿ ಕವಲೊಡೆದು ಒಂದು ಕಡೆ ಕಸಾರಾಕ್ಕೂ ಇನ್ನೊಂದು ಕಡೆ ಕರ್ಜತ್, ಖೋಪೋಲಿಗಳಿಗೂ ಹೋಗುತ್ತವೆ. ಹಾರ್ಬರ್ ಮಾರ್ಗ ಪನ್ವೇಲ್ ಕಡೆಗೆ. ಇಷ್ಟು ತಿಳಿದಿದ್ದರೆ ನಮ್ಮ ಲೆಕ್ಕಕ್ಕೆ ಸಾಕು.

ದರ ನಿಂತಿರುವುದು ದೂರದ ಮೇಲೆ. ಬಂಡಿ ವೇಗದ್ದೇ ಆಗಲಿ, ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ನಿಧಾನದ್ದೇ ಆಗಲಿ, ದರ ಒಂದೇ. ಅಲ್ಲಿ ‘ಫಾಸ್ಟ್’ ಎಂದರೆ ಹೆಚ್ಚು ಹಣ ಎಂದು ಅಂಜಿ ನಿಧಾನದ ಬಂಡಿಯಲ್ಲಿ ತೂಕಡಿಸುತ್ತ ಹೋಗುವ ನಮ್ಮ ಕಡೆಯ ಹಿರಿಯರನ್ನು ಕಂಡು ಈ ಮಾತು ಬರೆದೆವು. ಎರಡನೆಯ ದರ್ಜೆಯ ಕನಿಷ್ಠ ಟಿಕೆಟು 5 ರೂಪಾಯಿ. ಟರ್ಮಿನಸ್ಸಿನಿಂದ ಠಾಣೆಗೆ 15, ಕಲ್ಯಾಣಕ್ಕೆ 20. 2020ರ ಜನವರಿಯಲ್ಲಿ ಮತ್ತು 2025ರ ಜುಲೈಯಲ್ಲಿ ದೂರದ ಬಂಡಿಗಳ ದರ ಏರಿದಾಗಲೂ ಈ ಉಪನಗರ ಬಂಡಿಗಳ ದರವನ್ನು ಮುಟ್ಟಲಿಲ್ಲ. ಒಂದು ಬಂಡಿ ಇಳಿದು ಇನ್ನೊಂದನ್ನು ಹತ್ತಿದರೂ ಟಿಕೆಟು ಒಂದೇ ಆಗಿರಬಹುದು: ಕಲ್ಯಾಣದಿಂದ ದಾದರಿಗೆ ಮಧ್ಯ ರೈಲ್ವೆಯಲ್ಲಿ ಸುಮಾರು 45 ಕಿಲೋಮೀಟರ್, ಅಲ್ಲಿ ಸೇತುವೆ ದಾಟಿ ಪಶ್ಚಿಮ ರೈಲ್ವೆಯಲ್ಲಿ ಅಂಧೇರಿಗೆ ಸುಮಾರು 12, ಒಟ್ಟು 57 ಕಿಲೋಮೀಟರಿನ ಒಂದೇ ಟಿಕೆಟು, ‘ದಾದರ್ ಮಾರ್ಗವಾಗಿ’ ಎಂದು. ಬಿಡಿ ಟಿಕೆಟು ಕೊಂಡವರು ಒಂದು ಗಂಟೆಯೊಳಗೆ ಪ್ರಯಾಣ ಆರಂಭಿಸಬೇಕು. ಬೆಳಿಗ್ಗೆಯೇ ಕೊಂಡು ಜೇಬಿನಲ್ಲಿಟ್ಟುಕೊಂಡು ಮಧ್ಯಾಹ್ನ ಹೊರಡುವವರು ಇದನ್ನು ನೆನಪಿಡಬೇಕು.

ಇನ್ನು ಪಾಸು. ನಾವು ಇಷ್ಟು ವರ್ಷ, ತಿಂಗಳ ಪಾಸೆಂದರೆ ಮೂವತ್ತು ದಿನದ ಟಿಕೆಟುಗಳ ಮೊತ್ತದಲ್ಲಿ ಏನೋ ಒಂದಿಷ್ಟು ರಿಯಾಯಿತಿ ಎಂದು ಭಾವಿಸಿದ್ದೆವು. ಹಾಗಲ್ಲ. ಎರಡನೆಯ ದರ್ಜೆಯ ತಿಂಗಳ ಪಾಸಿನ ಬೆಲೆ ಸರಿಸುಮಾರು ಹದಿನೈದು ಬಿಡಿ ಪ್ರಯಾಣಗಳ ಬೆಲೆ. ಹೋಗುವುದು ಒಂದು, ಬರುವುದು ಒಂದು ಎಂದು ಎಣಿಸಿದರೆ ಏಳೂವರೆ ದಿನ. ಅಂದರೆ ತಿಂಗಳಲ್ಲಿ ಎಂಟು ದಿನ ಹೋಗಿ ಬರುವವನಿಗೇ ಪಾಸು ಲಾಭ. ಅದರ ಮುಂದಿನ ಪ್ರಯಾಣವೆಲ್ಲ ಉಚಿತವಿದ್ದಂತೆ. ಟರ್ಮಿನಸ್ಸಿನಿಂದ ಠಾಣೆಯ ಪಾಸು 215, ಕಲ್ಯಾಣದ್ದು 315. ಚರ್ಚ್‌ಗೇಟಿನಿಂದ 60 ಕಿಲೋಮೀಟರ್ ದೂರದ ವಿರಾರಿಗೂ 315.

ಈ ಹದಿನೈದರ ಸೂತ್ರಕ್ಕೆ ಒಮ್ಮೆ ಆಪತ್ತು ಬಂದಿತ್ತು. 2014ರ ಜೂನ್ 20ರಂದು ರೈಲ್ವೆ ಇಲಾಖೆ ಪ್ರಯಾಣದರವನ್ನು ಶೇಕಡಾ 14.2ರಷ್ಟು ಏರಿಸಿ, ಜೊತೆಗೆ ಪಾಸಿನ ಬೆಲೆಯನ್ನು ಹದಿನೈದರ ಬದಲು ಮೂವತ್ತು ಪ್ರಯಾಣಗಳ ಮೇಲೆ ಕಟ್ಟುವುದಾಗಿ ಸಾರಿತು. ಏರಿಕೆಯ ಶೇಕಡಾವಾರು ಎಲ್ಲರ ಕಣ್ಣಿಗೆ ಬೀಳುತ್ತದೆ. ಆದರೆ ಹದಿನೈದು ಮೂವತ್ತಾಗುವುದೆಂದರೆ ಪಾಸು ಒಂದೇ ಏಟಿಗೆ ಇಮ್ಮಡಿಯಾಯಿತೆಂದೇ ಅರ್ಥ. ಮುಂಬಯಿ ಇದನ್ನು ಕೂಡಲೇ ಅರ್ಥ ಮಾಡಿಕೊಂಡಿತು. ಗದ್ದಲವೆದ್ದು, ನಾಲ್ಕೇ ದಿನದಲ್ಲಿ ಆ ಭಾಗವನ್ನು ಹಿಂತೆಗೆದುಕೊಂಡರು. 80 ಕಿಲೋಮೀಟರಿನವರೆಗಿನ ಎರಡನೆಯ ದರ್ಜೆಯ ಉಪನಗರ ದರವೂ ಏರದೆ ಉಳಿಯಿತು. ಯಾವುದೇ ದರಪಟ್ಟಿಯನ್ನು ಓದುವಾಗ ಮೊತ್ತದ ಜೊತೆಗೆ ಅದನ್ನು ಕಟ್ಟಿದ ಸೂತ್ರವನ್ನೂ ನೋಡಬೇಕೆಂಬುದನ್ನು ಹಳೆಯ ಪತ್ರಿಕೆಗಳ ಈ ವರದಿಗಳಿಂದ ನಾವು ತಿಳಿದೆವು.

ಮೂರು ತಿಂಗಳ ಪಾಸಿಗೆ ತಿಂಗಳ ಪಾಸಿನ 2.7 ಪಟ್ಟು, ಆರು ತಿಂಗಳಿಗೆ 5.4, ವರ್ಷಕ್ಕೆ 10.8 ಪಟ್ಟು ಎಂದು ಲೆಕ್ಕ. ಹತ್ತರಲ್ಲೊಂದು ಪಾಲು ಉಳಿಯುತ್ತದೆ. ಹಾಗೆಂದು ಹೊಸದಾಗಿ ಕೆಲಸಕ್ಕೆ ಸೇರಿದವರು ವರ್ಷದ ಪಾಸು ಮಾಡಿಸುವುದು ನಮಗೆ ಸರಿಕಾಣದು. ಕಚೇರಿ ಸರಿಹೋಗುವುದೋ ಇಲ್ಲವೋ, ಜಾಗ ಬದಲಾಗುವುದೋ ಏನೋ. ಮೊದಲ ಮೂರು ತಿಂಗಳು ತಿಂಗಳ ಪಾಸೇ ಇರಲಿ. ಕಾಲೇಜಿಗೆ ಹೋಗುವ ಮಕ್ಕಳಿಗೆ ಅರ್ಧ ದರದ ಪಾಸುಂಟು, ಕಾಲೇಜಿನವರ ರುಜುವಿರುವ ಅರ್ಜಿ ಬೇಕು.

ಮೊದಲನೆಯ ದರ್ಜೆಯ ವಿಷಯ ನಾವು ಸ್ವಂತ ಹಣ ಕೊಟ್ಟು ಕಲಿತದ್ದು. ಕಲ್ಯಾಣದಿಂದ ಟರ್ಮಿನಸ್ಸಿಗೆ ಒಬ್ಬರೇ ಹೊರಟ ದಿನ ಎರಡನೆಯ ದರ್ಜೆಯ 20 ರೂಪಾಯಿ ಟಿಕೆಟು ಕೈಯಲ್ಲಿತ್ತು. ಬಂಡಿ ಬಂದು ನಿಂತಾಗ ಜನಪ್ರವಾಹದಲ್ಲಿ ಎದುರಿಗೆ ಸಿಕ್ಕ ಡಬ್ಬಿಯನ್ನು ಏರಿದೆವು. ಒಳಗೆ ನೂಕುನುಗ್ಗಲು ಕಡಿಮೆಯಿದ್ದುದನ್ನು ನೋಡಿ ‘ಇಂದು ನಮ್ಮ ಅದೃಷ್ಟ ಚೆನ್ನಾಗಿದೆ’ ಎಂದುಕೊಂಡು ಕಿಟಕಿಯ ಬಳಿ ಕುಳಿತೆವು. ಠಾಣೆ ದಾಟಿದ ಮೇಲೆ ಟಿಕೆಟ್ ಪರೀಕ್ಷಕರು ಬಂದು, ನಮ್ಮ ವಿಭೂತಿಯನ್ನೂ ಟಿಕೆಟನ್ನೂ ನೋಡಿ, ಬಹಳ ಮರ್ಯಾದೆಯಿಂದಲೇ ಇದು ಮೊದಲನೆಯ ದರ್ಜೆ ಎಂದರು. ಮೊದಲನೆಯ ದರ್ಜೆಯ ದರ 100, ನಮ್ಮದು 20, ವ್ಯತ್ಯಾಸ 80, ದಂಡ 250, ಒಟ್ಟು 330. ಅವರ ತಪ್ಪೇನೂ ಇರಲಿಲ್ಲ. ಡಬ್ಬಿಯ ಮೇಲೆ ಬರೆದದ್ದನ್ನು ಓದದ ತಪ್ಪು ನಮ್ಮದು. ಮೊಮ್ಮಗಳು ತಿಂಗಳಿಡೀ ಅಂಧೇರಿಗೆ ಓಡಾಡುವುದಕ್ಕೆ ಕೊಡುವುದಕ್ಕಿಂತ ಹದಿನೈದು ರೂಪಾಯಿ ಹೆಚ್ಚು ಹಣವನ್ನು ನಾವು ಒಂದು ಮುಂಜಾನೆ ಕೊಟ್ಟೆವು. ಮನೆಯಲ್ಲಿ ಈ ಮಾತು ಇನ್ನೂ ನಗೆಗೆ ವಸ್ತುವಾಗಿದೆ.

2022ರ ಮೇ 5ರಿಂದ ಹವಾನಿಯಂತ್ರಿತ ಬಂಡಿಯ ಬಿಡಿ ಟಿಕೆಟಿನ ದರವನ್ನು ಸುಮಾರು ಅರ್ಧಕ್ಕೆ ಇಳಿಸಿದರು: 5 ಕಿಲೋಮೀಟರಿಗೆ 65 ಇದ್ದದ್ದು 30, 25 ಕಿಲೋಮೀಟರಿಗೆ 135 ಇದ್ದದ್ದು 65, 50 ಕಿಲೋಮೀಟರಿಗೆ 205 ಇದ್ದದ್ದು 100. ಮೊದಲನೆಯ ದರ್ಜೆಯ ಬಿಡಿ ಟಿಕೆಟೂ ಆಗಲೇ ಇಳಿಯಿತು, ಆದರೆ ಅದರ ಪಾಸಿನ ದರ ಇಳಿಯಲಿಲ್ಲ. ಆದುದರಿಂದ ಎಂಟು ದಿನದ ಸೂತ್ರವನ್ನು ಮೊದಲನೆಯ ದರ್ಜೆಗೆ ಕಣ್ಣುಮುಚ್ಚಿ ಅನ್ವಯಿಸಬಾರದು. ವಾರಕ್ಕೆ ಎರಡು ದಿನ ಕಚೇರಿಗೆ ಹೋಗಿ ಉಳಿದ ದಿನ ಮನೆಯಿಂದಲೇ ಕೆಲಸ ಮಾಡುವವರು ಈಚೆಗೆ ಹೆಚ್ಚಾಗಿದ್ದಾರೆ. ಅಂಥವರು ಆ ದರ್ಜೆಯಲ್ಲಿ ಹೋಗುವುದಾದರೆ ಬಿಡಿ ಟಿಕೆಟೂ ಪಾಸೂ ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಹೀಗೆ ರೈಲಿನ ಖರ್ಚು 315 ಎಂದು ಗೊತ್ತಾದಾಗ ಲೆಕ್ಕ ಮುಗಿಯಿತೆಂದು ನಾವು ತಿಳಿದೆವು. ಆಗ ಅಣ್ಣನ ಮಗಳು ಅಡಿಗೆಮನೆಯಿಂದಲೇ ಅಂದಳು: “ಕಾಕಾ, ಗಾಡಿ ಮನಿ ಬಾಗಿಲಿಗೆ ಬರಂಗಿಲ್ಲರಿ.”

ನಿಜ. ಅವರ ಮನೆ ನಿಲ್ದಾಣದಿಂದ ಮೂರು ಕಿಲೋಮೀಟರ್ ಆಚೆ. ನಾಲ್ಕಾರು ಜನ ಸೇರಿ ಹೋಗುವ ಆಟೊದಲ್ಲಿ ತಲೆಗೆ 15 ರೂಪಾಯಿ. ಹೋಗಿ ಬರಲು 30, ಇಪ್ಪತ್ತೈದು ದಿನಕ್ಕೆ 750. ಅಂಧೇರಿಯಲ್ಲಿ ಇಳಿದ ಮೇಲೆ ಕಚೇರಿಗೆ ಬೆಸ್ಟ್ ಬಸ್ಸು. ಬೆಸ್ಟಿನ ಕನಿಷ್ಠ ದರ 2025ರ ಮೇ ತಿಂಗಳಲ್ಲಿ 5ರಿಂದ 10ಕ್ಕೆ ಏರಿತು. ಹೋಗಿ ಬರಲು 20, ತಿಂಗಳಿಗೆ 500. ಐವತ್ತೇಳು ಕಿಲೋಮೀಟರ್ ರೈಲಿಗೆ 315, ಎರಡು ತುದಿಯ ಐದಾರು ಕಿಲೋಮೀಟರಿಗೆ 1,250! ಒಟ್ಟು 1,565. ಮುಂಬಯಿಯಲ್ಲಿ ಪ್ರಯಾಣದ ಖರ್ಚನ್ನು ಅಂದಾಜು ಮಾಡುವವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಮನೆ ಹುಡುಕುವಾಗ ನಿಲ್ದಾಣಕ್ಕೆ ನಡೆದುಹೋಗುವಷ್ಟು ಹತ್ತಿರವಿದ್ದರೆ ಅದರ ಬಾಡಿಗೆಯಲ್ಲಿ ತಲೆಗೆ 750 ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆ ಮನೆಯಿಂದ ನಿತ್ಯ ಹೊರಗೆ ಹೋಗುವವರು ಮೂವರು.

ಇನ್ನೊಂದು ದಾರಿಯನ್ನು ಮೊಮ್ಮಗಳೇ ಹೇಳಿದಳು. ಕಲ್ಯಾಣದಿಂದ ದಾದರಿಗೆ ಹೋಗದೆ ಘಾಟಕೋಪರಿನಲ್ಲಿ ಇಳಿದರೆ, ಅಲ್ಲಿಂದ ಅಂಧೇರಿ ಮಾರ್ಗವಾಗಿ ವರ್ಸೋವಾಕ್ಕೆ ಮೆಟ್ರೊ ಇದೆ. 2014ರ ಜೂನ್ 8ರಂದು ಆರಂಭವಾದ, 11.4 ಕಿಲೋಮೀಟರಿನ, ಮುಂಬಯಿಯ ಮೊದಲ ಮೆಟ್ರೊ. ಅವಳ ಕಚೇರಿ ಅದರ ಒಂದು ನಿಲ್ದಾಣದ ಬಳಿಯೇ ಇರುವುದರಿಂದ ಬಸ್ಸಿನ ಹಂಗಿಲ್ಲ. ಕಲ್ಯಾಣದಿಂದ ಘಾಟಕೋಪರ್ ಸುಮಾರು 34 ಕಿಲೋಮೀಟರ್. ಟರ್ಮಿನಸ್ಸಿನಿಂದ ಠಾಣೆಯಷ್ಟೇ ದೂರ, ಆದ್ದರಿಂದ ಪಾಸು 215 ಎಂದು ಹಿಡಿದೆವು. ಮೆಟ್ರೊಕ್ಕೆ ಒಂದು ದಿಕ್ಕಿಗೆ 30 ಎಂದು ಹಿಡಿದರೆ ತಿಂಗಳಿಗೆ 1,500. ಮನೆಯ ಬಳಿಯ ಆಟೊ 750. ಒಟ್ಟು 2,465. ಮೊದಲ ದಾರಿಗಿಂತ 900 ಹೆಚ್ಚು.

ನಾವು ಕೂಡಲೇ ಮೊದಲ ದಾರಿಯೇ ಸರಿ ಎಂದು ತೀರ್ಪಿತ್ತೆವು. ಹುಡುಗಿ ಏನೂ ಮಾತಾಡದೆ, ಒಂದು ವಾರ ಎರಡೂ ದಾರಿಗಳಲ್ಲಿ ಓಡಾಡಿ ಬರೆದಿಟ್ಟ ವೇಳೆಗಳನ್ನು ನಮ್ಮ ಮುಂದಿಟ್ಟಳು. ದಾದರಿನ ಸೇತುವೆಯ ಜನಸಂದಣಿ, ಅಂಧೇರಿಯ ಬಸ್ಸಿನ ಕಾಯುವಿಕೆ ಎಲ್ಲ ಸೇರಿ ಮೊದಲ ದಾರಿಗೆ ಒಂದೊಂದು ದಿಕ್ಕಿಗೆ 35 ನಿಮಿಷ ಹೆಚ್ಚು. ದಿನಕ್ಕೆ 70 ನಿಮಿಷ. ಇಪ್ಪತ್ತೈದು ದಿನಕ್ಕೆ 1,750 ನಿಮಿಷ. ಅಂದರೆ ಇಪ್ಪತ್ತೊಂಬತ್ತು ಗಂಟೆಗಿಂತ ತುಸು ಹೆಚ್ಚು. ಆ 900 ರೂಪಾಯಿಯನ್ನು ಈ ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 31 ರೂಪಾಯಿ.

“ಮುತ್ಯಾ, ನನ್ನ ಒಂದು ತಾಸಿಗೆ ಮೂವತ್ತೊಂದು ರೂಪಾಯಿ ಬೆಲಿ ಇಲ್ಲೇನು?” ಎಂದಳು.

ನಮ್ಮ ಬಳಿ ಉತ್ತರವಿರಲಿಲ್ಲ. ಅವಳು ಸಂಜೆ ಮನೆಗೆ ಬಂದು ಲೆಕ್ಕಪತ್ರದ ಒಂದು ಪರೀಕ್ಷೆಗೆ ಓದುತ್ತಿದ್ದಾಳೆ. ಆ ಇಪ್ಪತ್ತೊಂಬತ್ತು ಗಂಟೆಗಳೇ ಅವಳ ಓದಿನ ಗಂಟೆಗಳು. ಸಂಬಳದ ಶೇಕಡಾ 8 ಅಲ್ಲದೆ 12 ದಾರಿಗೆ ಹೋಗುತ್ತದೆ, ಹೋಗಲಿ ಎಂದೆವು.

ಆದರೆ ತಾಯಿಯ ಭಯ ಹಣದ್ದೂ ಅಲ್ಲ, ಹೊತ್ತಿನದೂ ಅಲ್ಲ. 2025ರ ಜೂನ್ 9ರ ಬೆಳಿಗ್ಗೆ ಇದೇ ಮಾರ್ಗದಲ್ಲಿ, ಮುಂಬ್ರಾದ ಬಳಿ, ಕಿಕ್ಕಿರಿದ ಎರಡು ಬಂಡಿಗಳು ಎದುರುಬದುರಾಗಿ ಹಾಯುವಾಗ ಬಾಗಿಲಿಗೆ ಜೋತುಬಿದ್ದವರು ಹಳಿಯ ಮೇಲೆ ಬಿದ್ದು ಕೆಲವರು ತೀರಿಕೊಂಡರು. ಹುಡುಗಿ ಕೆಲಸಕ್ಕೆ ಸೇರಬೇಕಾದದ್ದು ಅದರ ಮರುತಿಂಗಳು. “ಪಾಸು ಸಸ್ತಾ ಅದ ಅಂತ ಜೀವ ಸಸ್ತಾ ಮಾಡಬ್ಯಾಡ್ರಿ” ಎಂದು ಅಣ್ಣನ ಮಗಳು ಗಂಡನಿಗೆ ಹೇಳುತ್ತಿದ್ದುದನ್ನು ನಾವು ಪಡಸಾಲೆಯಿಂದ ಕೇಳಿದೆವು. ಹವಾನಿಯಂತ್ರಿತ ಬಂಡಿಗೆ ಬಾಗಿಲು ತಾನಾಗಿ ಮುಚ್ಚುತ್ತದೆ. ಆ ದೃಷ್ಟಿಯಿಂದ ನೋಡಿದರೆ ನಮ್ಮ ಮೊದಲ ಪತ್ರದ ಲೆಕ್ಕ ಪೂರ್ತಿ ಮೂರ್ಖತನವಾಗಿರಲಿಲ್ಲ. 315ಕ್ಕೂ 5,000ಕ್ಕೂ ನಡುವಿನ ಅಂತರದಲ್ಲಿ ಆ ಬಾಗಿಲಿನ ಬೆಲೆಯೂ ಅಡಗಿದೆ. ಮೊದಲ ಹವಾನಿಯಂತ್ರಿತ ಲೋಕಲ್ ಓಡಿದ್ದು 2017ರ ಡಿಸೆಂಬರ್ 25ರಂದು, ಪಶ್ಚಿಮ ರೈಲ್ವೆಯಲ್ಲಿ. ಇಂದಿಗೂ ಸಾಮಾನ್ಯ ಬಂಡಿಗಳಿಗೆ ಹೋಲಿಸಿದರೆ ಅವುಗಳ ಸಂಖ್ಯೆ ಕಡಿಮೆ. ಪಾಸಿನ ಬೆಲೆ ಎರಡನೆಯ ದರ್ಜೆಯ ಹಲವು ಪಟ್ಟು.

ಮನೆಯವರೆಲ್ಲ ಕುಳಿತು ಒಂದು ದಾರಿ ಮಾಡಿಕೊಂಡರು. ನಿತ್ಯಕ್ಕೆ ಮಹಿಳೆಯರ ಡಬ್ಬಿಯ ಎರಡನೆಯ ದರ್ಜೆಯ ಪಾಸು. ಬೆಳಿಗ್ಗೆ ನಲವತ್ತು ನಿಮಿಷ ಮುಂಚೆ ಹೊರಟು, ಕಲ್ಯಾಣದಿಂದಲೇ ಹೊರಡುವ ಬಂಡಿಯಲ್ಲಿ ಕೂತು ಹೋಗುವುದು. ಭಾರೀ ಮಳೆಯ ದಿನ, ರಾತ್ರಿ ತಡವಾದ ದಿನ ಹವಾನಿಯಂತ್ರಿತ ಬಂಡಿಯ ಬಿಡಿ ಟಿಕೆಟು. 34 ಕಿಲೋಮೀಟರಿಗೆ 65ಕ್ಕೂ 100ಕ್ಕೂ ನಡುವೆ ಬೀಳುತ್ತದೆ. ತಿಂಗಳಿಗೆ ಅಂಥವು ಐದು ಎಂದು ಹಿಡಿದು 500 ರೂಪಾಯಿಯನ್ನು ಬೇರೆಯೇ ಡಬ್ಬಿಯಲ್ಲಿ ಇಡುವುದೆಂದು ತಾಯಿ ಗೊತ್ತುಮಾಡಿದಳು. ಹೀಗೆ ಲೆಕ್ಕ 2,965ಕ್ಕೆ ಬಂದು ನಿಂತಿತು. ನಾವು ಬರೆದ 6,500ರ ಅರ್ಧಕ್ಕಿಂತ ಕಡಿಮೆ, ಅವಳು ಹೇಳಿದ 315ರ ಒಂಬತ್ತು ಪಟ್ಟಿಗಿಂತ ಹೆಚ್ಚು. ಇಬ್ಬರೂ ಸೋತೆವು.

ಬದಲಾಪುರಕ್ಕೆ ಮನೆ ಬದಲಿಸುವ ವಿಚಾರವೂ ಆ ಮನೆಯಲ್ಲಿತ್ತು. ಅಲ್ಲಿ ಬಾಡಿಗೆ ಕಡಿಮೆ. ಟರ್ಮಿನಸ್ಸಿನಿಂದ 68 ಕಿಲೋಮೀಟರ್. ಪಾಸಿನಲ್ಲಿ ಆಗುವ ವ್ಯತ್ಯಾಸ ಅಲ್ಪವೇ. ಆದರೆ ಕಲ್ಯಾಣದಾಚೆ ಬಂಡಿಗಳು ವಿರಳ. ಒಂದು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಆ ಮಾತು ಅಲ್ಲಿಗೇ ನಿಂತಿತು.

ನಮ್ಮ ಮನಸ್ಸನ್ನು ಬಹಳ ಕಲಕಿದ್ದು ಬೇರೊಂದು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ನಮ್ಮ ನಾಡಿನಿಂದ ಅರ್ಬುದರೋಗದ ಚಿಕಿತ್ಸೆಗೆ ಹೋಗುವವರು ಅನೇಕರು. ಹಾಗೆ ಬಂದ ವಿಜಯಪುರದ ಕಡೆಯ ದಂಪತಿಗಳು ಅಣ್ಣನ ಮಗಳ ಮನೆಯ ಕೆಳಗಿನ ಕೋಣೆಯಲ್ಲಿದ್ದರು. ಹೆಂಡತಿಗೆ ಕಿರಣ ಚಿಕಿತ್ಸೆ. ವಾರಕ್ಕೆ ಐದು ದಿನದಂತೆ ಆರು ವಾರ. ಗಂಡ ನಿತ್ಯವೂ ಬೆಳಿಗ್ಗೆ ಆಕೆಯನ್ನು ನಿಲ್ದಾಣದ ಕಟ್ಟೆಯ ಮೇಲೆ ಕೂಡಿಸಿ, ಸಾಲಿನಲ್ಲಿ ನಿಂತು ಇಬ್ಬರಿಗೂ ಟಿಕೆಟು ತರುತ್ತಿದ್ದ. ಸಂಜೆ ಪರೇಲಿನಲ್ಲಿ ಮತ್ತೆ ಅದೇ ಸಾಲು. ನಾವು ಕೇಳುವ ಹೊತ್ತಿಗೆ ನಾಲ್ಕು ವಾರ ಕಳೆದಿತ್ತು. ಪಾಸು ಯಾಕೆ ಮಾಡಿಸಲಿಲ್ಲವೆಂದರೆ, “ಅದು ನೌಕರಿ ಮಾಡೋರಿಗೆ ಅಲ್ಲೇನ್ರಿ ಅಜ್ಜಾರ?” ಎಂದನು.

ಪಾಸು ಕೊಳ್ಳಲು ನೌಕರಿ ಬೇಕಿಲ್ಲ. ತಿಂಗಳಲ್ಲಿ ಇಪ್ಪತ್ತೆರಡು ದಿನವೆಂದರೆ ಒಬ್ಬರಿಗೆ ನಲವತ್ತನಾಲ್ಕು ಪ್ರಯಾಣ. ಪಾಸಿದ್ದರೆ ಹದಿನೈದರ ಬೆಲೆಯಲ್ಲಿ ಮುಗಿಯುತ್ತಿತ್ತು. ಮೂರರಲ್ಲಿ ಎರಡು ಪಾಲು ಹಣ ಉಳಿಯುವುದಿತ್ತು. ಆ ಹಣ ದೊಡ್ಡದಲ್ಲ. ಆದರೆ ಔಷಧಿಯ ಚೀಟಿ ಹಿಡಿದು ನಿಂತವನಿಗೆ ಅದೂ ಸಣ್ಣದಲ್ಲ. ಹಣಕ್ಕಿಂತ ಹೆಚ್ಚಾಗಿ, ಆ ದುರ್ಬಲ ಹೆಣ್ಣುಮಗಳು ದಿನಕ್ಕೆರಡು ಬಾರಿ ಕಟ್ಟೆಯ ಮೇಲೆ ಒಬ್ಬಳೇ ಕೂತು ಕಾಯುವುದು ತಪ್ಪುತ್ತಿತ್ತು. ಮಾರನೆಯ ದಿನವೇ ಅಳಿಯದೇವರು ಅವರಿಬ್ಬರಿಗೂ ಪಾಸು ಮಾಡಿಸಿಕೊಟ್ಟರು. ಉಳಿದದ್ದು ಎರಡೇ ವಾರ. ಹತ್ತು ದಿನದ ಪ್ರಯಾಣ, ಇಪ್ಪತ್ತು ಟಿಕೆಟು. ಎಂಟು ದಿನದ ಸೂತ್ರದಂತೆ ಆಗಲೂ ಅದು ಲಾಭವೇ ಆಗಿತ್ತು. ಒಂದು ಎಚ್ಚರಿಕೆ: ಪಾಸು ಒಬ್ಬರ ಹೆಸರಿನದು, ಮತ್ತೊಬ್ಬರು ಬಳಸುವಂತಿಲ್ಲ. ರೋಗಿಯ ಜೊತೆ ಒಂದು ವಾರ ಅಣ್ಣ, ಒಂದು ವಾರ ತಮ್ಮ ಎಂದು ಸರದಿ ಮಾಡಿಕೊಳ್ಳುವ ಮನೆಯವರು ರೋಗಿಗೆ ಪಾಸು, ಜೊತೆಯವರಿಗೆ ಬಿಡಿ ಟಿಕೆಟು ಎಂದು ಮಾಡಿದರೆ ಸಾಕು. 2025ರ ಜುಲೈಯಲ್ಲಿ ಬಂದ ‘ರೈಲ್‌ಒನ್’ ಎಂಬ ಮೊಬೈಲ್ ವ್ಯವಸ್ಥೆಯಲ್ಲಿ ಟಿಕೆಟು ಕೊಳ್ಳಬಹುದು, ದರವನ್ನೂ ಮೊದಲೇ ನೋಡಿಕೊಳ್ಳಬಹುದು. ಊರಿನಿಂದ ಹೊರಡುವ ಮುನ್ನ ಓದಿದ ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಿಕೊಳ್ಳಿ.

ನಮ್ಮ ರಾಜಧಾನಿಯ ಮಾತೊಂದನ್ನು ಇಲ್ಲಿ ಆಡಬೇಕೆನಿಸುತ್ತದೆ. ಬೆಂಗಳೂರಿನ ಮೆಟ್ರೊ ದರ 2025ರ ಫೆಬ್ರವರಿ 9ರಿಂದ ಏರಿ, ಕನಿಷ್ಠ 10, ಗರಿಷ್ಠ 90 ಆಯಿತು. ಗರಿಷ್ಠ ದೂರ ನಿತ್ಯ ಹೋಗಿ ಬರುವವನಿಗೆ ಇಪ್ಪತ್ತೈದು ದಿನಕ್ಕೆ 4,500; ಕಾರ್ಡಿನ ರಿಯಾಯಿತಿ ಕಳೆದರೂ ನಾಲ್ಕು ಸಾವಿರದ ಮೇಲೆಯೇ. ಎರಡು ಊರುಗಳ ಬಂಡಿಗಳ ಸ್ವರೂಪವೇ ಬೇರೆ, ಸೌಕರ್ಯವೂ ಬೇರೆ ಎಂಬುದನ್ನು ಬಲ್ಲೆವು. ಆದರೂ ಮುಂಬಯಿಯ ಬಡವನಿಗೆ ಹದಿನೈದರ ಸೂತ್ರ ಮಾಡಿರುವ ಉಪಕಾರವನ್ನು ಕಣ್ಣಾರೆ ಕಂಡ ನಮಗೆ ಒಂದು ಆಸೆಯಿದೆ. ಬೆಂಗಳೂರಿಗೂ ಉಪನಗರ ರೈಲು ಬರಲಿದೆ. ನಾಲ್ಕು ಮಾರ್ಗ, 148 ಕಿಲೋಮೀಟರ್. 2020ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ, 2022ರ ಜೂನ್ 20ರಂದು ಶಂಕುಸ್ಥಾಪನೆ. ಕೆಲಸ ಇನ್ನೂ ಮುಗಿದಿಲ್ಲ. ಅದರ ದರಪಟ್ಟಿ ಹೊರಡುವ ದಿನ ಕಿಲೋಮೀಟರಿಗೆ ಎಷ್ಟು ಎಂದು ಎಲ್ಲರೂ ಕೇಳುವರು. ತಿಂಗಳ ಪಾಸು ಎಷ್ಟು ಪ್ರಯಾಣಗಳ ಮೇಲೆ ಎಂದು ಕೇಳುವವರೂ ನಮ್ಮಲ್ಲಿ ನಾಲ್ಕು ಜನ ಇರಲಿ.

ನಾವು ಊರಿಗೆ ಹೊರಟ ದಿನ ಮೊಮ್ಮಗಳ ಮೊದಲ ಪಾಸಿನ ಅವಧಿ ಮುಗಿಯಲು ಎರಡು ದಿನವಿತ್ತು. ಅಡಿಗೆಮನೆಯ ಗೋಡೆಯ ಪಂಚಾಂಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ನಡುವೆ ಆ ತಾರೀಖಿನ ಸುತ್ತ ಅವಳ ತಾಯಿ ಕೆಂಪು ಮಸಿಯ ಗೆರೆ ಎಳೆದಿದ್ದಳು. ಕೆಳಗೆ ‘250’ ಎಂದು ಬರೆದಿತ್ತು. ಅದು ದಂಡದ ಮೊತ್ತ. ಯಾರ ನೆನಪಿಗೆಂದು ಬರೆದದ್ದೆಂದು ನಾವು ಕೇಳಲಿಲ್ಲ.